ಒಂದು ವಸ್ತು, ಒಂದು ಕೈ

ಬಾಗಿಲು ಮುಚ್ಚಿಕೊಂಡಾಗ ಮನೀಷಾಗೆ ಹೆದರಿಕೆಯೇನೂ ಆಗಲಿಲ್ಲ. ಸೋಲಾಪುರದ ಈ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್ ಅವಳ ಮಾವ ನಾಗಪ್ಪನದು. ಬಾಗಿಲ ಕೀಲಿಯನ್ನೂ ತಂಪಿನ ಯಂತ್ರವನ್ನೂ ನಡೆಸುವ ಪುಟ್ಟ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದವಳು ಅವಳೇ. ಅದನ್ನು ಪರೀಕ್ಷಿಸಲೆಂದೇ ಒಳಗೆ ಬಂದಿದ್ದಳು. ಗುಂಡಿ ಒತ್ತಿದಳು. ಜಪ್ಪಯ್ಯ ಅಂದರೂ ಬಾಗಿಲು ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದಾಗ ಏನಾಗಿದೆಯೆಂದು ಹೊಳೆಯಿತು.

ತಪ್ಪು ಅವಳದೇ. ಕೋಣೆಯ ತಂಪು ಅಳೆಯುವ ಸೆನ್ಸರ್ ಒಂದೇ, ಅದರ ಅಳತೆ ಮಾತ್ರ ಯಂತ್ರ ನಡೆಸುವ ಎರಡು ಪುಟ್ಟ ಪ್ರೋಗ್ರಾಮುಗಳಿಗೆ, ಅಂದರೆ ಎರಡು ಡ್ರೈವರ್‌ಗಳಿಗೆ ಬೇಕು. ಒಂದು ತಂಪಿನದು, ಇನ್ನೊಂದು ಕೀಲಿಯದು. ತಂಪು ಎಷ್ಟಿದೆ ಎಂದು ನೋಡದೆ ಬಾಗಿಲು ತೆರೆಯಲೇ ಬಾರದೆಂದು ಹಟ ಹಿಡಿದವನು ನಾಗಪ್ಪ. ಕಂಪ್ಯೂಟರಿನ ಮೂಲ ಪ್ರೋಗ್ರಾಮ್ ಆದ ಕರ್ನೆಲ್‌ನಲ್ಲಿ ಇದಕ್ಕೆ ಚಂದದ ಏರ್ಪಾಡಿದೆ. ಸೆನ್ಸರಿನ ಅಳತೆ ಬರುವ ದಾರಿ, ಅಂದರೆ ಚಾನೆಲ್, ಯಾರೊಬ್ಬರ ಸ್ವತ್ತೂ ಅಲ್ಲ. ಯಾವ ಡ್ರೈವರ್ ಕೇಳಿದರೂ ಕರ್ನೆಲ್ ಸರದಿಯಂತೆ ಅಳತೆ ಹೇಳುತ್ತದೆ. ಆದರೆ ಈ ಮನೆಗೆ ಬಂದಾಗಿನಿಂದ ಮನೀಷಾ ಕೇಳಿದ್ದು ಒಂದೇ ಮಾತು: ಒಂದು ವಸ್ತುವಿಗೆ ಒಂದು ಕೈ. ಅತ್ತೆ ನೀಲಗಂಗಾ ಸಕ್ಕರೆ ಡಬ್ಬಿಯನ್ನೂ ಇನ್ನೊಬ್ಬರಿಗೆ ಮುಟ್ಟಗೊಡುವವಳಲ್ಲ. ಅದೇ ಬುದ್ಧಿ ಇವಳಿಗೂ ಹತ್ತಿತ್ತೋ ಏನೋ, ಚಾನೆಲನ್ನು ಪೂರ್ತಿ ತಂಪಿನ ಡ್ರೈವರ್‌ಗೇ ಬರೆದುಕೊಟ್ಟುಬಿಟ್ಟಿದ್ದಳು. ಅದು ಬಿಟ್ಟುಕೊಡುವುದಿಲ್ಲ, ಕೀಲಿಯ ಡ್ರೈವರ್ ಕಾಯುವುದನ್ನು ನಿಲ್ಲಿಸುವುದಿಲ್ಲ. ನಡುವೆ ಇವಳು, ತೆಳು ಸೀರೆಯಲ್ಲಿ ಹಲ್ಲು ಕಟಕಟಿಸುತ್ತ.

ಬಾಗಿಲ ಸಂದಿಗೆ ಬಾಯಿ ಹಚ್ಚಿ ಹೊರಗಿದ್ದ ನಾಗಪ್ಪನನ್ನು ಕೂಗಿದಳು. “ಮಾವಾರ, ಮೇನ್ ಸ್ವಿಚ್ ಬಂದ್ ಮಾಡ್ರಿ. ಕರೆಂಟ್ ಹೋದ್ರ ಕೀಲಿ ತಾನ ಬಿಡ್ತದ.”

ನಾಗಪ್ಪನ ಚಪ್ಪಲಿ ಸಪ್ಪಳ ಹೋಯಿತು, ಮರಳಿ ಬಂತು.

“ಸ್ವಿಚ್ ಡಬ್ಬಿಗಿ ಕೀಲಿ ಅದ. ಕೀಲಿಕೈ ನಿಮ್ಮತ್ತಿ ಸೊಂಟದಾಗ. ಅಕಿ ಅಕ್ಕಲಕೋಟಿಗಿ ದರ್ಶನಕ್ಕ ಹೋಗ್ಯಾಳ. ಫೋನ್ ಹಚ್ಚಿದ್ದೆ, ತಿರುಗಿ ಬರಾಕತ್ಯಾಳ, ನಡುವಿನ ಹೋಟಗಿ ಸೈತ ಇನ್ನ ಬಂದಿಲ್ಲಂತ. ಜರಾ ತಡಿ.”

“ತಡಿಯಾಕ ಆಗಂಗಿಲ್ರಿ. ಬೆರಳು ಮಡಚಾಕ ಬರವಲ್ವು. ಡಬ್ಬಿ ಕೀಲಿ ಒಡೀರಿ.”

ಹೊರಗೆ ಚಪ್ಪಲಿ ಸಪ್ಪಳ ಎರಡು ಹೆಜ್ಜೆ ಹೋಗಿ ನಿಂತಿತು. ಸೊಸೆ ಹೆಪ್ಪುಗಟ್ಟುತ್ತಿರುವಾಗ ಹೆಂಡತಿಯ ಕೀಲಿ ಒಡೆಯಲೋ ಬೇಡವೋ ಎಂದು ಯೋಚಿಸುತ್ತ ನಿಲ್ಲುವ ಗಂಡಸಿಗೆ ಏನನ್ನಬೇಕು? ಮನೀಷಾಗೆ ಅಳುವಿಗಿಂತ ಮೊದಲು ಸಿಟ್ಟು ಬಂತು.

“ಅಕಿ ಬೈತಾಳವಾ,” ಎಂದ ನಾಗಪ್ಪ, ಸಣ್ಣ ದನಿಯಲ್ಲಿ.

“ನಾ ಉಳದ್ರ ನನಗೂ ಬೈಲಿ ಬಿಡ್ರಿ.”

ಕಡೆಗೂ ಕಲ್ಲಿನ ಪೆಟ್ಟು ಕೇಳಿಸಿತು. ಕೋಣೆ ಕತ್ತಲಾಯಿತು, ಬಾಗಿಲು ಸಡಿಲವಾಯಿತು. ಮನೀಷಾ ಮೈಭಾರವನ್ನೆಲ್ಲ ಹಾಕಿ ಅದನ್ನು ತಳ್ಳಿದಳು.

ನೀಲಗಂಗಾ ಬಂದಾಗ ಸೊಸೆ ಚಾದರ ಹೊದ್ದು ಬಿಸಿಲಲ್ಲಿ ಕುಳಿತಿದ್ದಳು. ಅತ್ತೆ ಅವಳ ಅಂಗೈ ತಿಕ್ಕಿದಳು, ಬಿಸಿ ಹಾಲು ಕುಡಿಸಿದಳು, ಕಣ್ಣೀರೂ ಹಾಕಿದಳು. “ಮದಲ ಯಾಕ ಒಡೀಲಿಲ್ಲ?” ಎಂದು ಗಂಡನನ್ನು ತರಾಟೆಗೆ ತೆಗೆದುಕೊಂಡಳು.

“ಅತ್ತಿಯಾರ, ಇನ್ನೊಂದು ಕೀಲಿಕೈ ಇಲ್ಲೇ ಗೂಟಕ್ಕ ಹಾಕೋಣ್ರಿ,” ಎಂದಳು ಮನೀಷಾ.

“ಹಾಕೋಣವಾ, ಹಾಕೋಣ.”

ಸಂಜೆಯೊಳಗೆ ಮನೀಷಾ ಪ್ರೋಗ್ರಾಮ್ ತಿದ್ದಿ ಮುಗಿಸಿದಳು. ಎರಡು ಡ್ರೈವರ್‌ಗಳೂ ಈಗ ಒಂದೇ ಚಾನೆಲನ್ನು ಜಗಳವಿಲ್ಲದೆ ಕೇಳುತ್ತಿದ್ದವು. ಗುಂಡಿ ಒತ್ತಿದರೆ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು. ಅಷ್ಟರಲ್ಲಿ ನಾಗಪ್ಪ ಸ್ವಿಚ್ ಡಬ್ಬಿಗೆ ಹೊಸ ಕೀಲಿ ತಂದ. ಅದರ ಜೊತೆ ಎರಡು ಕೀಲಿಕೈ ಇದ್ದವು. ಮನೀಷಾ ಕೈ ಚಾಚಿದಳು.

“ನೀವು ಕಳಕೊಂಡು ಕೂಡ್ತೀರಿ,” ಎನ್ನುತ್ತ ನೀಲಗಂಗಾ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡು, ದೀಪ ಹಚ್ಚಲು ಒಳಗೆ ಹೋದಳು.