ಒಂದು ಉಸಿರು ಮುಂಚೆ

ಮಗಳು ರೇಡಿಯೊದ ಹಿಡಿಕೆ ಹಿಡಿದು ಎಳೆದಳು. ಕಾರ್ಖಾನೆಯ ಕ್ರೇನ್ ಓಡಿಸುವವನು ಬಿಡಲಿಲ್ಲ. ಅಪ್ಪನ ಹೆಣದ ಎದೆಯ ಮೇಲೆ ಇಬ್ಬರೂ ಜಗ್ಗಾಡಿದರು.

“ಬಿಡಮ್ಮ. ಇವತ್ತು ಫುಟ್‌ಬಾಲ್ ಫೈನಲ್. ನಿಮ್ಮಪ್ಪ ಅದನ್ನ ಕೇಳದೆ ಹೋದ್ರೆ ನಮ್ಮ ಮನಸ್ಸು ತಡೆಯಲ್ಲ.”

ಎರಕದ ಕಾರ್ಖಾನೆಯಲ್ಲಿ ಅಪ್ಪನ ಜೊತೆ ತಲೆ ನರೆಸಿಕೊಂಡವನು ಅವನು. ಕಾರ್ಖಾನೆಗೆಲ್ಲ ಸತ್ತವನು ‘ಕಾಮೆಂಟರಿ ಅಣ್ಣ’, ನಗಿಸುವವನು, ಊಟದ ಹೊತ್ತಿನಲ್ಲಿ ಹಿಂದಿನ ದಿನದ ಆಟವನ್ನು ದನಿ ಬದಲಿಸಿ ಬದಲಿಸಿ ಹೇಳುವವನು. ಆ ಮನುಷ್ಯನನ್ನು ಮನೆಯವರು ಒಂದು ದಿನವೂ ಕಂಡಿರಲಿಲ್ಲ.

“ಬೇಡ ಅಂದ್ನಲ್ಲ. ಅಮ್ಮ ಕೂತಿದಾಳೆ.”

“ಅಮ್ಮನೇ ಹಾಕು ಅಂದ್ರು.”

ತಾಯಿ ಗೋಡೆಗೆ ಒರಗಿ ಕೂತಿದ್ದಳು. ಎಡಗಿವಿ ಕೆಟ್ಟು ವರ್ಷಗಳೇ ಆಗಿದ್ದವು. ಮಗಳು ಬಗ್ಗಿದಾಗ ಬಲಗಿವಿ ಕೊಟ್ಟು, ತಗ್ಗಿದ ದನಿಯಲ್ಲಿ ಹೇಳಿದಳು. “ಹಾಕ್ಲಿ ಬಿಡೆ. ಒಂದ್ ಸಲ ನೆಮ್ಮದಿಯಾಗಿ ಕೇಳ್ತೀನಿ. ಈಗೇನು ಎದ್ದು ಬರ್ತಾರಾ?”

ಮಗಳು ಕೈ ಬಿಟ್ಟಳು. ಮುಗಿಯಿತಲ್ಲ ಎಂದುಕೊಂಡಳು. ಶವದ ಗಾಡಿ ಬಂದು ಇವನನ್ನು ಹೊತ್ತು ಹೋದರೆ ಈ ಮನೆಯಲ್ಲಿ ಇನ್ನು ಏಟಿಲ್ಲ. ಬೆಳಗಿನಿಂದ ಅವಳು ಅದನ್ನೇ ಎದೆಗವುಚಿಕೊಂಡು ಓಡಾಡುತ್ತಿದ್ದಳು.

ಎದುರುಮನೆಯಾಕೆ ತಾಯಿಯ ಪಕ್ಕಕ್ಕೆ ಸರಿದಳು. “ಫೈನಲ್ ಆದ್ರೂ ಬೀದಿಯೋರೆಲ್ಲ ಟಿವಿ ಆಫ್ ಮಾಡಿದೀವಿ ಕಣ್ರೀ. ಸತ್ತೋರಿಗೆ ಅಷ್ಟೂ ಮರ್ಯಾದೆ ಕೊಡದಿದ್ರೆ ಹೇಗೆ? ಎಂಥಾ ಸಂಸಾರ ನಿಮ್ದು. ಇಷ್ಟು ವರ್ಷ ಈ ಮನೆಯಿಂದ ಒಂದು ಕೂಗು ಕೇಳಿಲ್ಲ.”

ಮಗಳ ಮೈಯೆಲ್ಲ ಉರಿಯಿತು. ತಾಯಿ ಮಾತ್ರ ತಲೆಯಾಡಿಸಿದಳು.

*

ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕ ಹೊಸತರಲ್ಲಿ ಮಗಳು ಮನೆಗೊಂದು ಟಿವಿ ತಂದಿದ್ದಳು. ಅಪ್ಪ ಅದನ್ನು ಸುತ್ತಲೂ ನೋಡಿದ, ಒಳಗಿನಿಂದ ಸುತ್ತಿಗೆ ತಂದ, ಪರದೆಗೆ ಬಾರಿಸಿದ. ಆಮೇಲೆ ಸುತ್ತಿಗೆಯ ಹಿಡಿಯಿಂದ ಅವಳ ಮೊಣಕೈಗೂ ಬಾರಿಸಿದ.

“ಅದು ಹೇಳೋದು ತಂಗಳು. ರೇಡಿಯೊದಲ್ಲಿ ಗೋಲು ಬಿದ್ದು ಆದ್ಮೇಲೆ ಆ ಡಬ್ಬದಲ್ಲಿ ಬೀಳುತ್ತೆ.”

ಅದೇನೋ ನಿಜವೇ. ಚೆಂಡು ಬಲೆಗೆ ಬಿದ್ದದ್ದು ಆ ಮನೆಗೆ ಮೊದಲು ತಿಳಿಯುತ್ತಿತ್ತು, ಬೀದಿಯ ಟಿವಿಗಳಿಗೆ ಒಂದು ಉಸಿರು ತಡ. ತನ್ನ ತಂಡದ ಮೇಲೆ ಗೋಲಾದರೆ ಅವನ ಕೈ ಹತ್ತಿರವಿದ್ದವರನ್ನು ಹುಡುಕುತ್ತಿತ್ತು. ಮಕ್ಕಳನ್ನು ಹಿತ್ತಿಲಿಗೆ ಅಟ್ಟಿ ತಾಯಿ ತಾನೇ ಬಂದು ಅವನ ಪಕ್ಕದಲ್ಲಿ ಕೂರುತ್ತಿದ್ದಳು. ಕೂರದಿದ್ದರೆ ಅವನು ಹಿತ್ತಿಲಿಗೇ ಬರುತ್ತಿದ್ದ. ಮುಷ್ಟಿ ಬಿದ್ದು ಅವಳು ಚೀರುವುದಕ್ಕೂ ಬೀದಿಯ ಮನೆಮನೆಯಲ್ಲಿ ಹೋ ಎಂದು ಬೊಬ್ಬೆ ಏಳುವುದಕ್ಕೂ ಸರಿಹೋಗುತ್ತಿತ್ತು, ಅವಳ ದನಿ ಅದರಲ್ಲೇ ಮುಳುಗುತ್ತಿತ್ತು. ಕಿವಿ ಹೋದ ಸಂಜೆ ರಕ್ತ ಕುತ್ತಿಗೆಯಿಂದ ಸೊಂಟದವರೆಗೆ ಇಳಿದಿತ್ತು. ಮಾರನೆಯ ದಿನ ಎದುರುಮನೆಯಾಕೆ, “ನಿನ್ನೆ ಎಂಥಾ ಆಟ ಅಲ್ವಾ?” ಎಂದು ಕೇಳಿದ್ದಳು.

ಮಗಳ ತಮ್ಮ ಮಾತ್ರ ಹಿತ್ತಿಲಲ್ಲಿ ನಿಲ್ಲುತ್ತಿರಲಿಲ್ಲ. ಕಿಟಕಿಗೆ ಕಿವಿಯಿಟ್ಟು, ಗೋಲು ಯಾರದೆಂದು ಕೇಳಿಕೊಂಡು ಬರುತ್ತಿದ್ದ.

*

ಗಾಡಿ ಇನ್ನೂ ಬಂದಿರಲಿಲ್ಲ. ಆಟ ಅರ್ಧ ದಾಟಿತ್ತು. ತಮ್ಮ ಅಪ್ಪನ ಕಾಲ ಬಳಿ ಕೂತು ಮಂಡಿ ಕುಣಿಸುತ್ತಿದ್ದ. ಅಪ್ಪ ನಿವೃತ್ತನಾದ ಮೇಲೆ ಅದೇ ಜಾಗದಲ್ಲಿ ಅವನಿಗೆ ಕೆಲಸವಾಗಿತ್ತು, ಮದುವೆಯೂ ಆಗಿತ್ತು. ಅವನ ಹೆಂಡತಿ ಬಂದವರಿಗೆ ನೀರು ಕೊಡುತ್ತಿದ್ದಳು.

ರೇಡಿಯೊದವನ ದನಿ ಏರಿತು. ಎದುರಾಳಿಗಳು ಚೆಂಡು ಹಿಡಿದು ನುಗ್ಗುತ್ತಿದ್ದರು. ಮಗಳು ತಾಯಿಯನ್ನೇ ನೋಡಿದಳು, ಬೆದರಿ ಎಲ್ಲರ ಮುಂದೆ ಮುದುಡಿಬಿಡುತ್ತಾಳೇನೋ ಎಂದು. ತಾಯಿ ಕಾಲು ಚಾಚಿ ಆರಾಮವಾಗಿ ಕೂತಿದ್ದಳು. ಮುಖದಲ್ಲಿ ನಗು ಎನ್ನಬಹುದಾದಂಥದ್ದೇನೋ ಇತ್ತು. ಮಗಳಿಗೆ ಹೊಟ್ಟೆ ತಣ್ಣಗಾಯಿತು.

ಆದರೆ ತಮ್ಮನ ಹೆಂಡತಿ ನೀರಿನ ಜಗ್ಗನ್ನು ಕೆಳಗಿಟ್ಟು, ಬಂದು ಗಂಡನ ಪಕ್ಕದಲ್ಲಿ ಕೂತಳು.

ಗೋಲಾಯಿತು.

ತಮ್ಮನ ಮುಷ್ಟಿ ಪಕ್ಕಕ್ಕೆ ಬೀಸಿ ಅವಳ ಬಾಯಿಗೆ ಬಡಿಯಿತು. ಅವಳು ಚೀರಿದಳು. ಅವನು ತಿರುಗಿಯೂ ನೋಡದೆ ರೇಡಿಯೊದ ಕಡೆಗೇ ಬಗ್ಗಿದ್ದ. ಬೀದಿಯ ಬೊಬ್ಬೆ ಈಗ ಏಳಬೇಕಿತ್ತು. ಏಳಲಿಲ್ಲ. ಆ ಹುಡುಗಿಯ ದನಿಯೊಂದೇ ಹೊರಬಾಗಿಲವರೆಗೂ ಹೋಯಿತು.

“ಅಯ್ಯೋ, ದುಃಖದಲ್ಲಿ ಕೈ ತಾಗಿತು,” ಎಂದ ತಮ್ಮ. ಮುಖ ಬಿಳುಚಿತ್ತು.

ತಾಯಿ ಎದ್ದಳು. ಗಂಡನ ಎದೆಯ ಮೇಲಿದ್ದ ರೇಡಿಯೊ ಎತ್ತಿಕೊಂಡಳು. ಯಾರಾದರೂ ತಡೆಯುವ ಮೊದಲೇ ಎರಡೂ ಕೈಯಲ್ಲಿ ಬೀಸಿ ಮಗನ ದವಡೆಗೆ ಹೊಡೆದಳು. ರೇಡಿಯೊ ಸೀಳಿಹೋಯಿತು, ಕಾಮೆಂಟರಿ ನಿಂತಿತು. ಮಗ ಅಪ್ಪನ ಕಾಲ ಮೇಲೆ ಬಿದ್ದು, ಬಾಯಿಂದ ರಕ್ತದ ಜೊತೆ ಒಂದು ಹಲ್ಲನ್ನು ಉಗಿದ.

“ಏನ್ರೀ ಇದು, ಹೆಣ ಇಟ್ಕೊಂಡು,” ಎಂದ ಕ್ರೇನ್‌ನವನು. ಮಗಳು ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ಎದುರುಮನೆಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು, ತಾಯಿಯ ಎಡಗಿವಿಯನ್ನು ಅಂದೇ ಮೊದಲ ಸಲ ನೋಡುವವಳ ಹಾಗೆ ನೋಡುತ್ತಿದ್ದಳು.

ಸೊಸೆ ತುಟಿಯ ರಕ್ತ ಒರೆಸಿಕೊಂಡು, ಕೈಯಿಂದ ಬಾಯಿ ಮುಚ್ಚಿ ಸದ್ದಿಲ್ಲದೆ ಅಳುತ್ತಿದ್ದಳು. ತಾಯಿ ಅವಳ ಕೈಯನ್ನು ಬಾಯಿಂದ ಕಿತ್ತಳು.

“ಕೂಗು,” ಎಂದಳು. “ಇವತ್ತು ಕೇಳುತ್ತೆ.”

ಹುಡುಗಿ ಕೂಗಿದಳು. ಜೊತೆಗೆ ತಾಯಿಯೂ ಕೂಗಿದಳು. ಆ ಕಡೆ ಕೊನೆಯ ಮನೆಯವರೆಗೂ ಜನ ಬಾಗಿಲು ತೆಗೆದುಕೊಂಡು ಬೀದಿಗೆ ಬಂದು ನಿಂತರು.