ನಿಧಾನವೆಂಬ ಷರಾ

ವಿಚಾರಣೆಗಳ ಧ್ವನಿಮುದ್ರಣ ಕೇಳಿ ಅಕ್ಷರಕ್ಕಿಳಿಸುವುದು ಅವನ ಕೆಲಸ. ಕಚೇರಿಯಲ್ಲಿ ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಹುಟ್ಟಿನಿಂದಲೇ ಕಣ್ಣು ಕಾಣದು. ಆದರೆ ನಾಲ್ಕು ಜನ ಒಟ್ಟಿಗೆ ಕೂಗಾಡಿದರೂ ಯಾರು ಯಾವ ಮಾತು ಆಡಿದರೆಂದು ಬಿಡಿಸಿ ಬರೆಯಬಲ್ಲ. ವಕೀಲರು ಮೂಗಿನಲ್ಲಿ ಗೊಣಗಿದ್ದು, ಸಾಕ್ಷಿಗಳು ಅರ್ಧಕ್ಕೆ ನುಂಗಿಕೊಂಡದ್ದು ಯಾವುದೂ ಅವನಿಂದ ತಪ್ಪಿಸಿಕೊಳ್ಳುತ್ತಿರಲಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ತೆರೆಯ ಮೇಲಿನದನ್ನೆಲ್ಲ ಓದಿ ಹೇಳುವ ತಂತ್ರಾಂಶವಿತ್ತು. ಅದು ಹೇಳಿದಂತೆ ಇವನ ಬೆರಳು ಓಡುತ್ತಿತ್ತು.

ಓಡಬೇಕಿತ್ತು ಎನ್ನುವುದೇ ಸರಿ. ಲ್ಯಾಪ್‌ಟಾಪಿಗೆ ಒಂಬತ್ತು ವರ್ಷವಾಗಿತ್ತು. ಗುಂಡಿ ಒತ್ತಿದ ಮೇಲೆ ಅದು ಬಾಯಿ ಬಿಡಲು ಏಳು ನಿಮಿಷ ಬೇಕು. ಒಂದು ಕಡತ ತೆರೆಯಲು ಹೋದರೆ ಒಳಗಿನ ಹಾರ್ಡ್ ಡಿಸ್ಕ್ ಗರಗರ ತಿರುಗಿ, ಟಕ್ ಟಕ್ ಎಂದು ಎಲ್ಲೆಲ್ಲೋ ತಡಕಾಡಿ, ಕೊನೆಗೆ ಏದುಸಿರು ಬಿಡುತ್ತಾ ತಂದುಕೊಡುತ್ತಿತ್ತು. ಒಂದು ಸಾಲು ಟೈಪ್ ಮಾಡಿದರೆ, ಯಂತ್ರ ಅದನ್ನು ಓದಿ ಹೇಳುವವರೆಗೆ ಕೈಕಟ್ಟಿ ಕೂರಬೇಕು. ಉಳಿದವರಿಗೆಲ್ಲ ಎರಡು ವರ್ಷದ ಹಿಂದೆಯೇ ಹೊಸ ಯಂತ್ರಗಳು ಬಂದಿದ್ದವು. ಇವನದರಲ್ಲಿ ವಿಶೇಷ ತಂತ್ರಾಂಶವಿದೆ, ಸುಮ್ಮನೆ ಯಾಕೆ ಕೆದಕುವುದು ಎಂದು ಇವನೊಬ್ಬನನ್ನು ಬಿಟ್ಟಿದ್ದರು.

ಆ ವರ್ಷದ ಕೆಲಸದ ವರದಿಗೆ ಸಹಿ ಹಾಕುವ ಮುನ್ನ, ಪಕ್ಕದ ಮೇಜಿನ ಟಪಾಲು ಗುಮಾಸ್ತರಿಂದ ಅದನ್ನು ಓದಿಸಿಕೊಂಡ. ನಿವೃತ್ತಿಗೆ ಹತ್ತಿರವಾಗಿದ್ದ ಅವರು ಓದುತ್ತಾ ಓದುತ್ತಾ ದನಿ ತಗ್ಗಿಸಿದರು. ಸೂಪರಿಂಟೆಂಡೆಂಟ್ ಮೇಡಂ ಬರೆದ ಷರಾ ಹೀಗಿತ್ತು: ಕೆಲಸ ಅಚ್ಚುಕಟ್ಟು, ದೃಷ್ಟಿದೋಷದ ಕಾರಣ ನಿಧಾನ, ದೂರವಾಣಿ ಮೇಜಿಗೆ ಸೂಕ್ತ.

ಅವನು ಸಹಿ ಹಾಕಲಿಲ್ಲ. ನೇರವಾಗಿ ಮೇಡಂ ಕೋಣೆಗೆ ಹೋಗಿ, ನಿಧಾನವಾಗಿರುವುದು ತಾನಲ್ಲ, ಯಂತ್ರದೊಳಗಿನ ಡಿಸ್ಕ್ ಎಂದು ಹೇಳಿದ. ಬೇಕಾದರೆ ಬಂದು ಕಿವಿಗೊಟ್ಟು ಕೇಳಿ ಎಂದ. ಮೇಡಂ ಕೆಟ್ಟವರೇನಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಕ್ಕು, ಆಮೇಲೆ ಮೆತ್ತಗೆ, "ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ. ಫೋನಿನ ಹತ್ರ ಕೂತ್ರೆ ನಿಮಗೂ ಆರಾಮು," ಎಂದರು.

ಗದರಿದ್ದರೆ ತಡೆದುಕೊಳ್ಳುತ್ತಿದ್ದ. ಆ ಮೆತ್ತಗಿನ ದನಿಯನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನದಿಂದ ಅವನನ್ನು ಬಾಗಿಲ ಬಳಿಯ ಫೋನಿನ ಮೇಜಿನಲ್ಲಿ ಕೂರಿಸಿದರು. ಅವನ ಹೆಂಡತಿ ಮನೆಯ ಮುಂಗೋಣೆಯಲ್ಲೇ ಬಟ್ಟೆ ಹೊಲಿಯುವವಳು. ಸಂಜೆ ಎಲ್ಲವನ್ನೂ ಕೇಳಿಸಿಕೊಂಡಳು. ಅಷ್ಟು ಹೊತ್ತೂ ಅವಳ ಕತ್ತರಿ ನಿಲ್ಲಲಿಲ್ಲ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ," ಎಂದಳು. "ಜ್ವರ ಯಾರಿಗೆ ಅಂತ ತೋರಿಸಿಬಿಡಿ ರೀ."

ತೋರಿಸುವುದು ಹೇಗೆ? ಕಂಪ್ಯೂಟರ್ ನೋಡಿಕೊಳ್ಳುವವನನ್ನು ಕೇಳಿದರೆ, ಅರ್ಜಿ ಕೊಡಿ, ಮುಂದಿನ ವರ್ಷದ ಪಟ್ಟಿಯಲ್ಲಿ ನೋಡೋಣ ಎಂದ. ಹೊರಗಿನ ಅಂಗಡಿಗೆ ಕೊಡುವಂತಿರಲಿಲ್ಲ. ಕಚೇರಿಯ ಯಂತ್ರಗಳನ್ನು ಹೊರಗಿನವರು ಬಿಚ್ಚತಕ್ಕದ್ದಲ್ಲ ಎಂಬ ಸುತ್ತೋಲೆಯಿತ್ತು. ಆ ಸುತ್ತೋಲೆಯನ್ನು ಟೈಪ್ ಮಾಡಿದವನೇ ಕಿವಿಯಣ್ಣ. ಅದರ ಒಂದೊಂದು ಪದವೂ ಅವನಿಗೆ ಬಾಯಿಪಾಠ. ಹೊರಗಿನವರು ಬಿಚ್ಚಬಾರದು, ಸರಿ. ತಾನು ಹದಿನಾಲ್ಕು ವರ್ಷದಿಂದ ಒಳಗಿನವನೇ ತಾನೇ?

ಭಾನುವಾರ ಗಂಡ ಹೆಂಡತಿ ಕಂಪ್ಯೂಟರ್ ಅಂಗಡಿಗೆ ಹೋದರು. ಹಳೇ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಹಾಕಬೇಕು ಎಂದು ಇವನು ಹೇಳಿದರೆ, ಅಂಗಡಿಯವನು ಅವಳ ಕಡೆ ತಿರುಗಿ, ಇವರಿಗೆ ಯಾರು ಹಾಕಿಕೊಡ್ತಾರೆ ಎಂದು ಕೇಳಿದ. ಅವರನ್ನೇ ಕೇಳಿ, ಬಾಯಿ ಅವರಿಗೂ ಇದೆ ಎಂದಳು ಅವಳು. ಅಂಗಡಿಯವನಿಗೆ ನಾಚಿಕೆಯಾಗಿರಬೇಕು. ಎಸ್‌ಎಸ್‌ಡಿಯನ್ನು ತಂದು ಇವನ ಅಂಗೈಯಲ್ಲೇ ಇಟ್ಟ. ತೆಳ್ಳನೆಯ ತಗಡಿನ ಡಬ್ಬಿಯಂತಿತ್ತು, ಒಳಗೆ ಏನೂ ಇಲ್ಲವೇನೋ ಎನ್ನುವಷ್ಟು ಹಗುರ. ಇದರಲ್ಲಿ ತಿರುಗುವ ತಟ್ಟೆ ಇಲ್ಲ, ತಡಕಾಡುವ ಮುಳ್ಳಿಲ್ಲ, ಅದಕ್ಕೇ ಸದ್ದಿಲ್ಲ, ಬೇಕಾದ್ದನ್ನು ಥಟ್ಟನೆ ಎತ್ತಿಕೊಡುತ್ತದೆ ಎಂದು ವಿವರಿಸಿದ. ಕಚೇರಿಯಲ್ಲಿ ಇವನಿಗಿದ್ದ ಮಾದರಿಯದೇ ಒಂದು ಕೆಟ್ಟ ಲ್ಯಾಪ್‌ಟಾಪನ್ನು ಮೂಲೆಯಿಂದ ತೆಗೆದುಕೊಟ್ಟು, ಬಿಚ್ಚಿ ನೋಡಿ ಎಂದ. ಕಿವಿಯಣ್ಣ ಅದನ್ನು ಐದು ಸಲ ಬಿಚ್ಚಿ ಐದು ಸಲ ಮುಚ್ಚಿದ. ಹತ್ತು ಸ್ಕ್ರೂಗಳಲ್ಲಿ ಹಿಂದಿನ ಎರಡು ಉದ್ದ. ಬ್ಯಾಟರಿಯ ತಂತಿಯನ್ನು ಮೊದಲು ಕೀಳಬೇಕು. ಡಿಸ್ಕನ್ನು ಮೇಲಕ್ಕೆಳೆಯಬಾರದು, ಪಕ್ಕಕ್ಕೆ ಜಾರಿಸಬೇಕು. ಐದನೆಯ ಸಲಕ್ಕೆ ಬೆರಳುಗಳು ತಾವಾಗಿಯೇ ದಾರಿ ಹಿಡಿದಿದ್ದವು.

ಸೋಮವಾರ ಹೊಸ ಡಿಸ್ಕನ್ನು ಕೇಬಲ್ಲಿನಿಂದ ತನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ನಕಲು ಮಾಡಲು ಬಿಟ್ಟು ಫೋನಿನ ಮೇಜಿಗೆ ಹೋದ. ಊಟದ ಹೊತ್ತಿಗೆ ಬಂದು ಕೇಳಿದರೆ ಶೇಕಡಾ ನಲವತ್ತು ಎಂದಿತು. ಸಂಜೆ ಬಾಗಿಲು ಹಾಕುವ ಮುನ್ನ ಮುಗಿಯಿತು.

ಮಂಗಳವಾರ ಊಟದ ವಿರಾಮದಲ್ಲಿ, ಎಲ್ಲರೂ ಇರುವಾಗಲೇ, ಲ್ಯಾಪ್‌ಟಾಪನ್ನು ಬೋರಲು ಹಾಕಿ ಸ್ಕ್ರೂಡ್ರೈವರ್ ತೆಗೆದ. ಮರೆಯಲ್ಲಿ ಮಾಡಬಹುದಿತ್ತು. ಮರೆಯಲ್ಲಿ ಮಾಡಲು ಇದೇನು ಕಳ್ಳತನವೇ? ಸ್ಕ್ರೂಗಳನ್ನು ಒಂದೊಂದಾಗಿ ಹೆಂಡತಿಯ ಹೊಲಿಗೆ ಸಾಮಾನಿನಿಂದ ತಂದ ಅಂಗಿ ಗುಂಡಿಗಳ ಡಬ್ಬಿಯ ಗೂಡುಗಳಲ್ಲಿ ಸಾಲಾಗಿ ಹಾಕುತ್ತಾ ಹೋದ. ಸುತ್ತಲೂ ಊಟದ ಡಬ್ಬಿಗಳ ಸದ್ದು ನಿಂತಿತು. ಹಳೇ ಡಿಸ್ಕ್ ಹೊರಬಂತು, ಹೊಸದು ಒಳಹೋಯಿತು. ಮುಚ್ಚಳ ಮುಚ್ಚಿ ಗುಂಡಿ ಒತ್ತಿದ.

ಗರಗರವಿಲ್ಲ, ಟಕ್ ಟಕ್ ಇಲ್ಲ. ಮಾತೂ ಇಲ್ಲ. ಒಂದು ನಿಮಿಷವಾಯಿತು. ಟಪಾಲು ಗುಮಾಸ್ತರು ಬಗ್ಗಿ ನೋಡಿ, ಡಿಸ್ಕ್ ಸಿಗುತ್ತಿಲ್ಲ ಎಂದು ತೆರೆಯ ಮೇಲೆ ಬಂದಿದೆ ಎಂದರು. ಅಷ್ಟರಲ್ಲಿ ಮೇಡಂ ಚಪ್ಪಲಿಯ ಸದ್ದು ಹತ್ತಿರವಾಯಿತು. ಕಚೇರಿಯ ಆಸ್ತಿಯನ್ನು ಹಾಳು ಮಾಡಿದಿರಾ ಎಂದು ಅವರು ಕೇಳಿದಾಗ ದನಿಯಲ್ಲಿ ಮೆತ್ತನೆತನವಿರಲಿಲ್ಲ. ಯಾರೋ ನೆರವಾಗಲೆಂದು ಲ್ಯಾಪ್‌ಟಾಪಿಗೆ ಕೈ ಹಾಕಿದರು.

"ಯಾರೂ ಮುಟ್ಬೇಡಿ," ಎಂದ ಕಿವಿಯಣ್ಣ. "ಬಿಚ್ಚಿದವನು ನಾನು. ಸರಿ ಮಾಡೋನೂ ನಾನೇ."

ಯಂತ್ರವನ್ನು ಬೋರಲು ಹಾಕಿ ಮತ್ತೆ ಹತ್ತೂ ಸ್ಕ್ರೂ ಬಿಚ್ಚಿದ. ಬೆರಳ ತುದಿಯಿಂದ ಅಂಚು ಸವರಿದಾಗ ಗೊತ್ತಾಯಿತು, ಡಿಸ್ಕ್ ಒಂದು ಕೂದಲೆಳೆಯಷ್ಟು ಹೊರಗೆ ನಿಂತಿದೆ. ಹೆಬ್ಬೆರಳಿಟ್ಟು ಒತ್ತಿದ. ಕಟಕ್ ಎಂದು ಕೂತಿತು. ಮುಚ್ಚಿ, ಮತ್ತೆ ಗುಂಡಿ ಒತ್ತಿದ.

ಹದಿನೆಂಟು ಸೆಕೆಂಡು. ಟಪಾಲು ಗುಮಾಸ್ತರು ಗಡಿಯಾರ ನೋಡಿ ಹೇಳಿದ್ದು. ಹದಿನೆಂಟನೆಯ ಸೆಕೆಂಡಿಗೆ ಯಂತ್ರ ಮಾತಾಡಿತು.

ಅನುಮತಿಯಿಲ್ಲದೆ ಯಂತ್ರ ಬಿಚ್ಚಿದ್ದಕ್ಕೆ ಮಧ್ಯಾಹ್ನವೇ ಕಾರಣ ಕೇಳುವ ನೋಟಿಸು ಬಂತು. ಕಿವಿಯಣ್ಣ ಸುತ್ತೋಲೆಯ ಸಂಖ್ಯೆ ಹಾಕಿ ನಾಲ್ಕೇ ಸಾಲಿನ ಉತ್ತರ ಕೊಟ್ಟ. ಕೊಟ್ಟವನು ಫೋನಿನ ಮೇಜಿಗೆ ವಾಪಸು ಹೋಗಲಿಲ್ಲ. ಮೂವರು ಬೆರಳಚ್ಚುಗಾರರು ಆಗುವುದಿಲ್ಲ ಎಂದು ಹಿಂದಿರುಗಿಸಿದ್ದ ಒಂದು ವಿಚಾರಣೆಯಿತ್ತು. ಮೂರು ಗಂಟೆ, ಏಳು ಜನ, ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದು ಮಾತಾಡಿದ್ದು. ಅದನ್ನು ಎತ್ತಿಕೊಂಡು ಕೂತ. ಯಂತ್ರ ಈಗ ಅವನ ಬೆರಳಿನ ಹಿಂದೆಯೇ ಮಾತಾಡುತ್ತಿತ್ತು. ಗುರುವಾರ ಸಂಜೆ ಅರವತ್ತೆಂಟು ಪುಟಗಳು ಮೇಡಂ ಮೇಜಿನ ಮೇಲಿದ್ದವು.

ಸುದ್ದಿ ಮೇಲಿನ ಅಧಿಕಾರಿಯವರೆಗೂ ಹೋಯಿತು. ಅವರು ಇವನನ್ನು ಕರೆಸಿ, ನೋಟಿಸು ಹಿಂದಕ್ಕೆ ಪಡೆದಿದ್ದೇವೆ ಎಂದರು. ವಾರ್ಷಿಕ ಸಭೆಯಲ್ಲಿ ನಾಲ್ಕು ಮಾತಾಡಿದರೆ ಎಲ್ಲರಿಗೂ ಸ್ಫೂರ್ತಿಯಾಗುತ್ತದೆ ಎಂದೂ ಸೇರಿಸಿದರು.

"ಸ್ಫೂರ್ತಿ ಬೇಡ ಸಾರ್, ಷರಾ ತಿದ್ದಿ," ಎಂದ ಅವನು. "ಹೋದ ವಾರಾನೂ ನನ್ನ ಕೈ ಇಷ್ಟೇ ಬೇಗ ಇತ್ತು."

ಬರೆದದ್ದನ್ನು ಅಳಿಸಲು ನಿಯಮದಲ್ಲಿ ಜಾಗವಿಲ್ಲ ಎಂದರು ಅಧಿಕಾರಿ. ಸೇರಿಸಲು ಇದೆಯಲ್ಲ ಎಂದ ಕಿವಿಯಣ್ಣ. ಆ ನಿಯಮವನ್ನೂ ಅವನೇ ಟೈಪ್ ಮಾಡಿದ್ದ.

ಹನ್ನೊಂದು ದಿನ ಹಿಡಿಯಿತು. ಅಷ್ಟೂ ದಿನ ಅವನು ವರದಿಗೆ ಸಹಿ ಹಾಕಲಿಲ್ಲ, ಸಭೆಯ ವಿಷಯಕ್ಕೆ ಹೂಂ ಎನ್ನಲಿಲ್ಲ, ತನ್ನ ಮೇಜನ್ನೂ ಬಿಡಲಿಲ್ಲ. ಹನ್ನೆರಡನೆಯ ದಿನ ಮೇಡಂ ಕರೆದು, ತಾವು ಕೈಯಾರೆ ಬರೆದದ್ದನ್ನು ತಾವೇ ಓದಿದರು: ವಿಳಂಬಕ್ಕೆ ಕಾರಣ ಯಂತ್ರ, ನೌಕರನಲ್ಲ, ಹಿಂದಿನ ಷರಾ ಊರ್ಜಿತವಲ್ಲ. ಇನ್ನೊಮ್ಮೆ ಓದಿ ಎಂದ. ಓದಿದರು. ಅವನು ಸಹಿ ಹಾಕಿದ.

"ಇನ್ನಾದ್ರೂ ಮನಸ್ಸಿಗೆ ಹಚ್ಕೋಬೇಡಿ," ಎಂದರು ಮೇಡಂ.

"ಹಚ್ಕೊಂಡಿದ್ದಕ್ಕೇ ಮೇಡಂ ಇಷ್ಟಾದ್ರೂ ಆಗಿದ್ದು," ಎಂದು ಹೇಳಿ, ಅದರ ಒಂದು ಪ್ರತಿಗೆ ಕೈಚಾಚಿ ನಿಂತ. ಅವರು ಪ್ರತಿ ತೆಗೆಸಿ ಕೊಡುವವರೆಗೂ ಅಲ್ಲಿಂದ ಕದಲಲಿಲ್ಲ.