ನೇತ್ರಾಳ ಗಡ್ಡೆ, ಈರಮ್ಮನ ಅನುಮಾನ

ಕುರುಗೋಡಿನ ನೇತ್ರಾಳಿಗೆ ಹೊಟ್ಟೆಯ ಬಲಬದಿಯಲ್ಲಿ ಭಾರ. ಉಂಡರೂ ಉಣ್ಣದಿದ್ದರೂ ಉಬ್ಬರ. ತವರೂರು ಸಿರುಗುಪ್ಪದಲ್ಲಿ ಸ್ಕ್ಯಾನಿಂಗ್ ಮಾಡಿಸಿದಾಗ, ಅಂಡಾಶಯದಲ್ಲಿ ನೀರು ತುಂಬಿದ ಗಡ್ಡೆ ಇದೆ, ನಿಂಬೆಹಣ್ಣಿನಷ್ಟು, ಮತ್ತೆ ನೋಡೋಣ ಎಂದಿದ್ದರು. ಎರಡು ತಿಂಗಳ ಬಳಿಕ ಅದು ಮೂಸಂಬಿಯಷ್ಟಾಗಿತ್ತು. ಬಳ್ಳಾರಿಯಲ್ಲಿ ತೋರಿಸಿ ಎಂದರು.

ಅತ್ತೆ ಈರಮ್ಮ ನಂಬಲಿಲ್ಲ.

"ಬೆಳೆಯಾಕತ್ತಿದ್ದು ಗಡ್ಡಿ ಅಲ್ಲ, ಅವರ ಬಿಲ್ಲು. ರೂಪನಗುಡಿ ಊರಾಗಿನ ನಮ್ಮಕ್ಕನ ಮಗಳು ಹೊಟ್ಟಿನೋವು ಅಂತ ಹೋದ್ಲು, ಗರ್ಭಕೋಶಾನೇ ತೆಗದು ಕಳಿಸಿದ್ರು. ಈಕಿಗಿನ್ನೂ ಒಂದು ಕೂಸಿಲ್ಲ. ಹೊಕ್ಕಳ ಬಟ್ಟಿ ಜಾಗ ಬಿಟ್ಟು ಸರದೈತಿ, ಅಷ್ಟ. ಬಟ್ಟಿ ತಿಕ್ಕೋ ಊರಮ್ಮ ಎಣ್ಣಿ ಹಚ್ಚಿ ತಿಕ್ಕಿದ್ರ ಕುಂದ್ರತೈತಿ."

ಗರ್ಭಕೋಶ ತೆಗೆದುಬಿಟ್ಟಾರೆಂದು ನೇತ್ರಾಳಿಗೂ ಅದೇ ಭಯ. ಕ್ಯಾನ್ಸರ್ ಇರಬಹುದು ಎಂಬ ಇನ್ನೊಂದು ಭಯವನ್ನು ಗಂಡ ಹುಲುಗೇಶನಿಗೂ ಹೇಳಿರಲಿಲ್ಲ. ದಿನವೂ ಎದ್ದ ಕೂಡಲೇ ಹೊಟ್ಟೆ ಒತ್ತಿ ನೋಡಿಕೊಳ್ಳುತ್ತಿದ್ದಳು.

ಹೊಟ್ಟೆ ತಿಕ್ಕಲು ಬಂದ ಊರಮ್ಮ ಎಣ್ಣೆ ಬಿಸಿ ಮಾಡುತ್ತಿದ್ದಾಗ ಪಕ್ಕದ ಮನೆಯ ಗಂಗೋತ್ರಿ ಬಂದಳು. ಹಿಂದೊಮ್ಮೆ ಇಂಥದೇ ಗಡ್ಡೆಗೆ ಆಪರೇಷನ್ ಮಾಡಿಸಿಕೊಂಡವಳು.

"ಊರಮ್ಮಕ್ಕ, ಕೈ ಹಚ್ಚಬ್ಯಾಡ್ರಿ. ಗಡ್ಡಿ ಒಡೀಬಹುದು, ತಿರುಚಿಕೋಬಹುದು. ಜೀವಕ್ಕ ಬರತೈತಿ."

"ಗಿರಾಕಿ ಕಳಿಸಿದ್ರ ಬಳ್ಳಾರಿಯವರು ನಿನಗೆಷ್ಟು ಕೊಡ್ತಾರವ್ವಾ?" ಈರಮ್ಮ ಕೇಳಿದಳು.

"ಬಸ್ ಚಾರ್ಜೂ ಕೊಡಂಗಿಲ್ಲ. ಹೆಣ್ಮಕ್ಕಳಿಗೆ ಹೆಂಗೂ ಫ್ರೀ ಐತಿ."

ಊರಮ್ಮ ನಕ್ಕಳು. ಗಂಗೋತ್ರಿ ನಗಲಿಲ್ಲ.

"ನಿಮ್ಮ ಅನುಮಾನ ತಪ್ಪಲ್ಲಮ್ಮ. ಹಂಗ ತೆಗದದ್ದು ನಾನೂ ಕೇಳೀನಿ. ಅದಕ್ಕ ನೀವ ಬರ್ರಿ, ಡಾಕ್ಟರ್‌ನ ನೀವ ಕೇಳ್ರಿ. ಸರಿ ಅನಿಸದಿದ್ರ ಇನ್ನೊಬ್ರನ್ನ ಕೇಳೂಣು. ಇಲ್ಲಿ ಕುಂತು ಬೈದ್ರ ಗಡ್ಡಿ ನಿಲ್ಲತೈತೇನು?" ನೇತ್ರಾಳತ್ತ ತಿರುಗಿದಳು. "ನೀ ಹುಲುಗೇಶಗ ಫೋನ್ ಹಚ್ಚು. ಮನಸ್ಸಿನ ಭಯಾನ ನೀ ಒಬ್ಬಾಕೀನ ಹೊತ್ಕೊಂಡು ತಿರುಗಬ್ಯಾಡ."

ನೇತ್ರಾ ಫೋನ್ ಮಾಡಿದಳು, ಈರಮ್ಮ ತಾನೇ ಕೇಳುತ್ತೇನೆಂದು ಬಸ್ ಹತ್ತಿದಳು. ಹುಲುಗೇಶ್ ಬಳ್ಳಾರಿಯ ಕೌಲ್ ಬಜಾರಿನಲ್ಲಿ ತಾನು ಕೆಲಸ ಮಾಡುವ ಗ್ಯಾರೇಜಿನಿಂದ ನೇರ ಆಸ್ಪತ್ರೆಗೆ ಬಂದ. ಲೇಡಿ ಡಾಕ್ಟರ್ ಕುರ್ಚಿ ತೋರಿಸಿದರೂ ಈರಮ್ಮ ಕೂರಲಿಲ್ಲ, ನಿಂತೇ ಕೇಳಿದಳು.

"ಕ್ಯಾನ್ಸರೇನ್ರಿ?"

"ಇಂಥ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲಮ್ಮ. ಬೇಗ ಬೆಳೆದಿದೆ, ಅದಕ್ಕೇ ರಕ್ತ ಪರೀಕ್ಷೆ, ಇನ್ನೊಂದು ಸ್ಕ್ಯಾನಿಂಗ್ ಬೇಕು. ನೋಡದೆ ಹೇಳೋಕಾಗಲ್ಲ."

"ಗರ್ಭಕೋಶ ತೆಗಿತೀರೇನು?"

"ಅದು ಬೇರೆ, ಅಂಡಾಶಯ ಬೇರೆ. ಆಪರೇಷನ್ ಬೇಕಾದರೆ ಗಡ್ಡೆ ಮಾತ್ರ ತೆಗೆಯೋಕೆ ನೋಡ್ತೀವಿ. ಇನ್ನೇನಾದರೂ ತೆಗೆಯಬೇಕಾಗಬಹುದು ಅನಿಸಿದರೆ ಮೊದಲೇ ಹೇಳ್ತೀವಿ. ಒಪ್ಪಬೇಕಾದವಳು ನೇತ್ರಾ."

"ತೆಗದದ್ದು ನನಗ ತೋರಸ್ತೀರೇನು?"

"ತೋರಿಸ್ತೀವಿ."

ಪರೀಕ್ಷೆಗಳಾದ ಮೇಲೆ ಆಪರೇಷನ್ನೇ ಸರಿ ಎಂದಾಯಿತು. ನೇತ್ರಾ ಒಪ್ಪಿದಳು. ಅದು ಮುಗಿದಾಗ ನರ್ಸ್ ಟ್ರೇ ಹಿಡಿದು ಹೊರಗೆ ಬಂದಳು. ಹುಲುಗೇಶ್ ಮುಖ ತಿರುಗಿಸಿದ. ಈರಮ್ಮ ಬಗ್ಗಿ ನೋಡಿದಳು.

"ಇದೊಂದೇನಾ? ಬ್ಯಾರೆ ಏನೂ ತೆಗದಿಲ್ಲಲ್ಲ?"

"ಇದೊಂದೇ. ಅಂಡಾಶಯ, ಗರ್ಭಕೋಶ ಎರಡೂ ಅಲ್ಲೇ ಇವೆ."

"ಆಣಿ ಮಾಡು."

ನರ್ಸ್ ಆಣೆ ಮಾಡಿದಳು.

ಕೆಲವು ದಿನಗಳಲ್ಲಿ, ಗಡ್ಡೆಯನ್ನು ಪರೀಕ್ಷಿಸಿದ ಲ್ಯಾಬಿನಿಂದ ಕ್ಯಾನ್ಸರ್ ಅಲ್ಲ ಎಂಬ ವರದಿ ಬಂತು. ಈರಮ್ಮ ಅದನ್ನೂ ಡಾಕ್ಟರಿಂದ ಮತ್ತೆ ಹೇಳಿಸಿದಳು. ಆಗ ಮಾತ್ರ ಕುರ್ಚಿಯಲ್ಲಿ ಕೂತು, ಸೊಸೆಯ ಕೈ ಹಿಡಿದು ಅತ್ತಳು.

ಅಕ್ಕಂದಿರೇ, ಅನುಮಾನವಿದ್ದರೆ ಮನೆಯಲ್ಲಿಟ್ಟುಕೊಂಡು ಕೊರಗಬೇಡಿ, ಡಾಕ್ಟರ ಎದುರು ಬಾಯಿಬಿಟ್ಟು ಕೇಳಿ. ಏನು ತೆಗೆಯುತ್ತೀರಿ, ಯಾಕೆ, ಬೇರೆ ದಾರಿ ಇದೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಹೊಟ್ಟೆ ತಿಕ್ಕಿಸಬೇಡಿ. ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ, ಜ್ವರ, ತಲೆಸುತ್ತು ಬಂದರೆ ಕೂಡಲೇ ಆಸ್ಪತ್ರೆಗೆ ಹೊರಡಿ. ಆ ಹೊತ್ತಿನಲ್ಲಿ ಪ್ರಶ್ನೆಗಳನ್ನು ಅಲ್ಲಿಗೆ ಹೋಗಿಯೇ ಕೇಳಿ.